ಸುಣ್ಣದ ಗೆರೆಯ ಆಚೆಯ ನೆಲ

“ಮೇಷ್ಟ್ರೇ, ಖಾಲಿ ಬಿದ್ದಿರುವ ಮೆಮೊರಿಯಿಂದ ಯಾರಿಗೆ ಉಪಯೋಗ?”

ಕೇಳಿದವಳು ಸಿಂಚನಾ. ಒಂದು ದೊಡ್ಡ ಆಸ್ಪತ್ರೆಯ ಸರ್ವರ್ ನೋಡಿಕೊಳ್ಳುವ ಕೆಲಸಕ್ಕೆ ಹೊಸದಾಗಿ ಸೇರಿದ್ದಳು. ಆ ಕೆಲಸವನ್ನು ಅವಳಿಗೆ ಕಲಿಸುತ್ತಿದ್ದವರು ಗುರುಪಾದಪ್ಪ ಮೇಷ್ಟ್ರು. ಮೇಷ್ಟ್ರಿಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತಿತ್ತು. ಪ್ರಶ್ನೆ ಕೇಳಿದರೆ ಉತ್ತರ ಕೊಡದೆ ಕತೆ ಹೇಳುತ್ತಾರೆ ಎಂಬ ದೂರೂ ಅವರ ಮೇಲಿತ್ತು.

ಸಿಂಚನಾ ತನ್ನ ಪ್ರಶ್ನೆಯನ್ನು ಬಿಡಿಸಿ ಹೇಳಿದಳು. ಸರ್ವರ್ ಡಿಸ್ಕಿನಿಂದ ಒಂದು ಕಡತವನ್ನು ಓದಿದರೆ, ಮತ್ತೆ ಬೇಕಾದೀತೆಂದು ಅದರ ಪ್ರತಿಯನ್ನು ಮೆಮೊರಿಯಲ್ಲಿ ಇಟ್ಟುಕೊಳ್ಳುತ್ತದೆ. ಅದಕ್ಕೆ ಕ್ಯಾಶ್ ಎನ್ನುತ್ತಾರೆ. ಪ್ರತಿ ಸಲ ಡಿಸ್ಕಿಗೆ ಹೋಗಿ ಬರುವುದು ನಿಧಾನ, ಮೆಮೊರಿಯಿಂದ ಎತ್ತಿಕೊಡುವುದು ಬೇಗ. ಹಾಗಾಗಿ ಕ್ಯಾಶ್ ಬೆಳೆದಷ್ಟೂ ಕೆಲಸ ಚುರುಕು. ಆದರೆ ಮೇಷ್ಟ್ರು ಆ ಕ್ಯಾಶ್‌ಗೆ ಒಂದು ಮಿತಿ ಹಾಕಿಟ್ಟಿದ್ದರು. ಅಷ್ಟರ ಮೇಲೆ ಅದು ಬೆಳೆಯುವಂತಿರಲಿಲ್ಲ. ಮೆಮೊರಿಯ ಒಂದು ಪಾಲು ದಿನವಿಡೀ ಖಾಲಿ ಇರುತ್ತಿತ್ತು. ಅತ್ತ ವಾರ್ಡುಗಳಲ್ಲಿ ಒಂದು ಎಕ್ಸ್-ರೇ ಚಿತ್ರ ತೆರೆದುಕೊಳ್ಳಲೆಂದು ನರ್ಸುಗಳು ಕಾಯುತ್ತಾ ನಿಲ್ಲುತ್ತಿದ್ದರು.

“ಬೇರೆ ಪ್ರೋಗ್ರಾಮಿಗೆ ಜಾಗ ಬೇಕಾದರೆ ಕ್ಯಾಶ್ ಬಿಟ್ಟುಕೊಡುತ್ತದಲ್ಲ ಮೇಷ್ಟ್ರೇ. ಹಾಗಿದ್ದ ಮೇಲೆ ಮಿತಿ ಏಕೆ?” ಎಂದಳು.

ಮೇಷ್ಟ್ರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. “ಕೂತುಕೋ ತಾಯಿ. ಇದು ನಿಂತು ಕೇಳುವ ಕತೆಯಲ್ಲ. ಹೇಳುವ ನನಗೇ ಅಂಗೈ ಬೆವರುತ್ತದೆ,” ಎಂದರು. ಆಮೇಲೆ ಕತೆ ಶುರು ಮಾಡಿದರು.

ಹೊಳೆಯ ದಂಡೆಯಿಂದ ಸ್ವಲ್ಪ ಮೇಲೆ ಒಂದು ಮಠವಿತ್ತು. ಬಂದವರಿಗೆಲ್ಲ ಊಟ ಹಾಕುವುದು ಆ ಮಠದ ವ್ರತ. ಇವತ್ತು ಸಾಲದು, ನಾಳೆ ಬನ್ನಿ ಎಂಬ ಮಾತು ಅಲ್ಲಿರಲಿಲ್ಲ. ಎಷ್ಟು ಎಲೆ ಬಿದ್ದರೂ ಅಷ್ಟೂ ಎಲೆಗೆ ಅನ್ನ ಬೇಯಬೇಕು. ನಗಬೇಡ, ನಿನ್ನ ಸರ್ವರ್ ಪಾಡೂ ಇದೇ. ಇನ್ನು ಸಾಕು, ಆಮೇಲೆ ಬನ್ನಿ ಎಂದು ಜನರನ್ನು ತಡೆಯುವವರು ಅಲ್ಲೂ ಇಲ್ಲ.

ಮಠದ ಅಡುಗೆಮನೆ ಒಂದೇ ಉದ್ದನೆಯ ಹಜಾರ. ಒಂದು ಕೊನೆಯಲ್ಲಿ ಒಲೆಗಳ ಸಾಲು, ಇನ್ನೊಂದು ಕೊನೆಯಲ್ಲಿ ಬಾಗಿಲು. ಬಾಗಿಲು ಒಂದೇ. ಅಕ್ಕಿ, ಬೇಳೆ, ಎಣ್ಣೆ ಎಲ್ಲ ಇರುತ್ತಿದ್ದುದು ಅಂಗಳದಾಚೆಯ ಉಗ್ರಾಣದಲ್ಲಿ. ಅಡುಗೆಯವರು ಕೇಳಬೇಕು, ಉಗ್ರಾಣಿ ಹೋಗಿ ತರಿಸಿಕೊಡಬೇಕು. ತರುವಷ್ಟು ಹೊತ್ತು ಅಡುಗೆಯವರು ಸೌಟು ಹಿಡಿದು ನಿಂತಿರಬೇಕು.

ಉಗ್ರಾಣಿ ಜಾಣ, ಕೆಲಸಗಾರ. ಆಗಾಗ ಬೇಕಾಗುವ ಸಾಮಾನನ್ನು ಒಳಗೇ ತಂದಿಟ್ಟುಕೊಂಡರೆ ಓಡಾಟ ತಪ್ಪುತ್ತದೆಂದು ಬಾಗಿಲ ಹತ್ತಿರ ಚೀಲಗಳನ್ನು ಪೇರಿಸಿಟ್ಟುಕೊಂಡಿದ್ದ. ಅದು ತಪ್ಪಲ್ಲ. ಬುದ್ಧಿ ಇರುವ ಯಾರಾದರೂ ಮಾಡುವ ಕೆಲಸವೇ. ಆದರೆ ಆ ಹಜಾರದ ನೆಲದ ಮೇಲೆ ಅಡ್ಡಕ್ಕೆ ಒಂದು ಸುಣ್ಣದ ಗೆರೆ ಇತ್ತು. ಸಾಮಾನು ಆ ಗೆರೆಯ ಈಚೆಗೇ ಇರಬೇಕು. ಆಚೆ ಒಲೆಯವರೆಗಿನ ನೆಲ ಖಾಲಿ ಇರಬೇಕು. ಆ ಖಾಲಿ ನೆಲದಲ್ಲೇ ಜನ ಕೊಪ್ಪರಿಗೆ ಹೊತ್ತು ತಿರುಗುತ್ತಿದ್ದರು. ಜನ ಹೆಚ್ಚಾದ ದಿನ ಅಲ್ಲೇ ಹೊಸ ಒಲೆ ಹೂಡುತ್ತಿದ್ದರು. ಗಂಜಿ ಬಸಿಯುವ ಕಲ್ಲಿನ ಕಾಲುವೆಯೂ ಅಲ್ಲೇ ಹರಿದು ಹೊರಗೆ ಹೋಗುತ್ತಿತ್ತು.

ಆ ಗೆರೆಯನ್ನು ಕಣ್ಣಂದಾಜಿನಲ್ಲಿ ಎಳೆದಿರಲಿಲ್ಲ. ವರ್ಷದಲ್ಲಿ ಅತಿ ಹೆಚ್ಚು ಜನ ಉಂಡ ದಿನ ಯಾವುದೋ, ಅದರ ಮರುದಿನ ಹಿರಿಯ ಬಾಣಸಿಗ ಗೆರೆ ಎಳೆಸುತ್ತಿದ್ದ. ನಿನ್ನೆ ಒಲೆ ಎಲ್ಲಿಯವರೆಗೆ ಬಂದಿತ್ತು, ಕೊಪ್ಪರಿಗೆ ಎಲ್ಲಿ ತಿರುಗಿತು ಎಂದು ಹೊತ್ತವರನ್ನೇ ಕೇಳಿ, ಅದಕ್ಕಿಂತ ಒಂದಿಷ್ಟು ಈಚೆಗೆ ಸುಣ್ಣ ಎಳೆಯುವುದು ಅಲ್ಲಿಯ ಪದ್ಧತಿ. ಕೆಟ್ಟ ದಿನವನ್ನು ನೋಡಿ ಅಳತೆ ಹಾಕಬೇಕು ತಾಯಿ. ಒಳ್ಳೆಯ ದಿನ ಎಲ್ಲರ ಮನೆಯೂ ದೊಡ್ಡದಾಗಿಯೇ ಕಾಣುತ್ತದೆ.

ಆ ಅಡುಗೆಮನೆಯಲ್ಲಿ ಇನ್ನೊಂದು ಪದ್ಧತಿಯೂ ಇತ್ತು. ಗೋಡೆಗೆ ಒಂದು ಜಾಗಟೆ ತೂಗುಹಾಕಿತ್ತು. ಒಳಗೆ ಜಾಗ ಮುಗಿದು, ಬೆಂಕಿ ಕೈಮೀರುವ ಹಾಗೆ ಕಂಡರೆ ಬಾಣಸಿಗ ಅದನ್ನು ಬಾರಿಸಬೇಕು. ಬಾರಿಸಿದ ಮೇಲೆ ಚರ್ಚೆ ಇಲ್ಲ. ಎಲ್ಲಕ್ಕಿಂತ ದೊಡ್ಡ ಕೊಪ್ಪರಿಗೆ ಯಾವುದೋ ಅದನ್ನು ಇಳಿಸಿ, ಕಾಲುವೆಗೆ ಸುರಿದು, ಅದರ ಒಲೆಯನ್ನು ಆರಿಸಬೇಕು. ಅದರೊಳಗೆ ಏನಿದೆ, ಯಾರಿಗಾಗಿ ಬೇಯುತ್ತಿದೆ ಎಂದು ನೋಡುವಂತಿಲ್ಲ. ಸಣ್ಣ ಪಾತ್ರೆ ಇಳಿಸಿದರೆ ಜಾಗವಾಗುವುದಿಲ್ಲ, ಅದಕ್ಕೇ ದೊಡ್ಡದು. ಕ್ರೂರವಾದ ಪದ್ಧತಿ. ಆದರೆ ಅದಿಲ್ಲದಿದ್ದರೆ ಇಡೀ ಅಡುಗೆಮನೆಯೇ ಹೋಗುತ್ತದೆ. ನೋಡಿದವರು ಯಾರೂ ಉಳಿದಿಲ್ಲದಷ್ಟು ಕಾಲದಿಂದ ಆ ಜಾಗಟೆಯನ್ನು ಯಾರೂ ಬಾರಿಸಿರಲಿಲ್ಲ.

ಆ ದೊಡ್ಡ ಕೊಪ್ಪರಿಗೆಯ ಕಿವಿಗಳಿಗೆ ಗಳ ತೂರಿಸಿ ಇಬ್ಬರು ಹೊರುತ್ತಿದ್ದರು. ಹಿಂದಿನ ತುದಿ ಹಿಡಿಯುತ್ತಿದ್ದವನು ಉಗ್ರಾಣಿಯ ಒಡಹುಟ್ಟಿದ ತಮ್ಮ. ತಂದೆತಾಯಿ ಇಲ್ಲದ ಹುಡುಗನನ್ನು ಉಗ್ರಾಣಿಯೇ ಎತ್ತಿ ಆಡಿಸಿ ದೊಡ್ಡವನನ್ನಾಗಿ ಮಾಡಿದ್ದ. ಅವನಿಗೆ ಲೋಕದಲ್ಲಿ ಇದ್ದುದು ಆ ತಮ್ಮನೊಬ್ಬನೇ.

ಒಂದು ದಿನ ಉಗ್ರಾಣಿಯ ಕಣ್ಣು ಆ ಖಾಲಿ ನೆಲದ ಮೇಲೆ ಬಿತ್ತು. ಸಾಧಾರಣ ದಿನ, ಸಾಧಾರಣ ಜನ. ನೆಲ ಸುಮ್ಮನೆ ಬಿದ್ದಿದೆ, ಅಡುಗೆಯವರು ಬೇಳೆಗಾಗಿ ಕಾಯುತ್ತಿದ್ದಾರೆ. ಅವನಿಗೆ ಹೊಟ್ಟೆ ಉರಿಯಿತು. ನಿನಗೆ ಉರಿದಂತೆಯೇ. ಗೆರೆ ದಾಟಿಸಿ ಬೇಳೆಯ ಚೀಲ ಇಟ್ಟ. ಏನೂ ಆಗಲಿಲ್ಲ, ಅಡುಗೆ ಬೇಗ ಮುಗಿಯಿತು. ಮಾರನೆಯ ದಿನ ಅಕ್ಕಿ ಇಟ್ಟ, ಆಮೇಲೆ ಎಣ್ಣೆಯ ಡಬ್ಬಗಳು, ಆಮೇಲೆ ಸೌದೆ. ಕಾಲುವೆಯ ಮೇಲೆ ಹಲಗೆ ಹಾಸಿ ಅದರ ಮೇಲೂ ಚೀಲ ಪೇರಿಸಿದ. ಕೈ ಚಾಚಿದಲ್ಲಿ ಸಾಮಾನು. ಪಂಕ್ತಿಗಳು ಹೊತ್ತಿಗೆ ಮುಂಚೆಯೇ ಏಳತೊಡಗಿದವು. ಸ್ವಾಮಿಗಳು ಕರೆದು ಬೆನ್ನು ತಟ್ಟಿದರು. ಬಾಣಸಿಗನಿಗೆ ಒಳಗೊಳಗೇ ಅಳುಕು. ಆದರೆ ಸೌಟು ಹಿಡಿದು ಕಾಯುವುದು ತಪ್ಪಿತ್ತಲ್ಲ, ಅವನೂ ಬಾಯಿ ಬಿಡಲಿಲ್ಲ. ಹೊಗಳಿಕೆಗೆ ಎಲ್ಲರೂ ಪಾಲುದಾರರು, ನೋಡು.

ಮಾತಾಡಿದವನು ತಮ್ಮನೊಬ್ಬನೇ. ಒಂದು ದಿನ ಗಳ ಇಳಿಸಿ, ಬೆವರು ಒರೆಸಿಕೊಳ್ಳುತ್ತಾ ಅಣ್ಣನ ಹತ್ತಿರ ಬಂದ.

“ಅಣ್ಣಾ, ತಿರುಗುವಾಗ ಹಿಂಗಾಲಿಗೆ ನೆಲ ಸಿಗುವುದಿಲ್ಲ. ನನಗೆ ಹೆದರಿಕೆಯಾಗುತ್ತದೆ.”

“ಬೇಕೆಂದಾಗ ತೆಗೆಸಿಕೊಡುತ್ತೇನೆ ಕಣೋ. ನಿನಗಿಂತ ನನಗೆ ಚೀಲ ಹೆಚ್ಚೇ?”

ಸುಳ್ಳು ಹೇಳಲಿಲ್ಲ ಅವನು. ತೆಗೆಸಿಕೊಡಬೇಕೆಂದೇ ಇದ್ದ. ಮನಸ್ಸಿನಲ್ಲಿ ಮೋಸವಿರಲಿಲ್ಲ.

ಇಲ್ಲಿ ಸಿಂಚನಾ ಬಾಯಿ ಹಾಕಿದಳು. ಚೀಲ ಎತ್ತುವ ಮನುಷ್ಯನಿಗೂ ಯಂತ್ರಕ್ಕೂ ವ್ಯತ್ಯಾಸವಿದೆ, ಯಂತ್ರ ಕಣ್ಣುಮುಚ್ಚಿ ತೆರೆಯುವುದರೊಳಗೆ ಜಾಗ ಖಾಲಿ ಮಾಡುತ್ತದೆ ಎಂದಳು. ಮಾಡುತ್ತದೆ ಎಂದರು ಮೇಷ್ಟ್ರು. ಬರೀ ಪ್ರತಿಯಾದರೆ ಎಸೆದುಬಿಡುತ್ತದೆ. ಆದರೆ ಇನ್ನೂ ಡಿಸ್ಕಿಗೆ ಬರೆಯದೆ ಉಳಿಸಿಕೊಂಡಿರುವುದು ಇದೆಯಲ್ಲ, ಅದನ್ನು ಎಸೆಯುವ ಹಾಗಿಲ್ಲ. ಬರೆದೇ ಬಿಡಬೇಕು. ಬರೆಯುವುದಕ್ಕೆ ಹೊತ್ತು ಬೇಕು. ಅದೂ ಎಲ್ಲರೂ ಒಟ್ಟಿಗೆ ಡಿಸ್ಕಿನ ಬಾಗಿಲಿಗೆ ಮುಗಿಬಿದ್ದ ಹೊತ್ತಿನಲ್ಲಿ ಬರೆಯಬೇಕು. “ನಡುವೆ ಮಾತಾಡಬೇಡ. ಭಯ ಬರುವುದೇ ಇನ್ನು ಮುಂದೆ,” ಎಂದು ಗದರಿದರು.  ಮೇಷ್ಟ್ರು ಮುಂದುವರಿಸಿದರು.

ಆ ವರ್ಷ ಹೊಳೆ ಉಕ್ಕಿತು. ಬೆಳಗಾಗುವ ಹೊತ್ತಿಗೆ ದಂಡೆಯ ಊರುಗಳ ಜನ ಮಠದ ಮೆಟ್ಟಿಲು ಹತ್ತುತ್ತಿದ್ದರು. ಉಟ್ಟ ಬಟ್ಟೆಯಲ್ಲಿ ಬಂದವರು, ಮುದುಕರನ್ನು ಹೆಗಲ ಮೇಲೆ ಹೊತ್ತು ಬಂದವರು. ಮಕ್ಕಳಿಗೆ ಅಳುವುದಕ್ಕೂ ತ್ರಾಣವಿರಲಿಲ್ಲ. ಹಿಂದಿನ ದಿನದಿಂದ ಯಾರ ಹೊಟ್ಟೆಗೂ ಏನೂ ಬಿದ್ದಿರಲಿಲ್ಲ. ದೊಡ್ಡ ಕೊಪ್ಪರಿಗೆಯಲ್ಲಿ ಮೊದಲು ಗಂಜಿ ಬೇಯಲಿ, ಮಕ್ಕಳಿಗೂ ಮುದುಕರಿಗೂ ಕೊಡೋಣ ಎಂದು ಬಾಣಸಿಗ ಹೇಳಿದ. ಉಳಿದವರಿಗೆ ಹೊಸ ಒಲೆಗಳನ್ನು ಹೂಡಿ ಎಂದ.

ಹೊಸ ಒಲೆ ಹೂಡುವ ನೆಲದ ಮೇಲೆ ಚೀಲಗಳಿದ್ದವು.

ಉಗ್ರಾಣಿ ಕೊಟ್ಟ ಮಾತಿನಂತೆಯೇ ತೆಗೆಸತೊಡಗಿದ. ಆಳುಗಳು ಚೀಲ ಹೊತ್ತು ಬಾಗಿಲಿಗೆ ಹೋದರು. ಅದೇ ಬಾಗಿಲಿನಿಂದ ನೀರು ಹೊತ್ತವರೂ ಸೌದೆ ಹೊತ್ತವರೂ ಒಳಗೆ ಬರುತ್ತಿದ್ದರು. ಹೋಗುವವರು ಬರುವವರಿಗೆ ಅಡ್ಡ, ಬರುವವರು ಹೋಗುವವರಿಗೆ ಅಡ್ಡ. ಒಣ ಚೀಲಗಳನ್ನಾದರೂ ಹೇಗೋ ದಾಟಿಸಿದರು. ನೆನೆಹಾಕಿದ ಬೇಳೆ ಇತ್ತು, ತೊಳೆದ ಅಕ್ಕಿ ಇತ್ತು. ಅವನ್ನು ಚೀಲಕ್ಕೆ ತುಂಬುವಂತಿಲ್ಲ. ಹೊರಗೆ ಮಕ್ಕಳು ಹಸಿದು ಕೂತಿರುವಾಗ ಚೆಲ್ಲುವಂತೆಯೂ ಇಲ್ಲ. ಒಂದೊಂದು ಪಾತ್ರೆಗೂ ಜಾಗ ಹುಡುಕಿಯೇ ಇಡಬೇಕು. ಉಗ್ರಾಣಿ ಕೂಗುತ್ತಿದ್ದ, ಕೈ ಮಾಡುತ್ತಿದ್ದ, ಎಲ್ಲ ಆಗುತ್ತಲೇ ಇತ್ತು. ಆದರೆ ಬೇಡಿಕೆಯ ವೇಗಕ್ಕೆ ಆಗುತ್ತಿರಲಿಲ್ಲ. ಮನೆಗೆ ಬೆಂಕಿ ಬಿದ್ದಾಗ ಬಾವಿ ತೋಡುವುದು ಎನ್ನುತ್ತಾರಲ್ಲ, ಅವನು ತೋಡುತ್ತಿದ್ದ.

ತಡವಾಗುತ್ತದೆಂದು ಯಾರೋ ಇದ್ದ ಚೂರು ಜಾಗದಲ್ಲೇ ಹೊಸ ಒಲೆ ಹಚ್ಚಿಬಿಟ್ಟರು. ಪಕ್ಕದಲ್ಲೇ ಎಣ್ಣೆಯ ಡಬ್ಬಗಳು. ಮೊದಲು ಅವುಗಳ ಮೇಲೆ ಹೊಗೆ ಆಡಿತು. ಆಮೇಲೆ ಒಂದರ ಮೈ ಕಪ್ಪಾಯಿತು. ಡಬ್ಬ ಮುಟ್ಟಲು ಹೋದವನು ಕೈ ಕೊಡವಿ ಹಿಂದೆ ಸರಿದ. ಸರಿಯಲು ಹಿಂದೆಯೂ ಜಾಗವಿರಲಿಲ್ಲ. ಎಲ್ಲರಿಗೂ ಒಂದೇ ಸಲ ಗೊತ್ತಾಯಿತು, ಬಾಗಿಲು ಒಂದೇ, ಅದು ಮುಚ್ಚಿಹೋಗಿದೆ ಎಂದು.  ಅಷ್ಟು ಜನರಿದ್ದ ಕಡೆ ಬೆಂಕಿಯ ಸದ್ದೊಂದೇ ಕೇಳಿಸುತ್ತಿತ್ತಂತೆ.

ಬಾಣಸಿಗ ಜಾಗಟೆಯ ಕಡೆ ನೋಡಿದ. ಇನ್ನೊಂದು ಗಳಿಗೆ ತಾಳಿ, ಬಿಡಿಸಿಕೊಡುತ್ತೇನೆ ಎಂದು ಉಗ್ರಾಣಿ ಕೈ ಮುಗಿದ.  ಬಾಣಸಿಗ ಅವನ ಕಡೆ ತಿರುಗದೆ ಬಾರಿಸಿದ.

ದೊಡ್ಡ ಕೊಪ್ಪರಿಗೆ ಎಂದರೆ ಮಕ್ಕಳ ಗಂಜಿ. ಇನ್ನು ಒಂದು ಕುದಿ ಬಂದರೆ ಆಗಿಹೋಗುತ್ತಿತ್ತು. ಕೇಳುವಂತಿಲ್ಲ. ಗಳದ ಹಿಂದಿನ ತುದಿಗೆ ಹೆಗಲು ಕೊಟ್ಟವನು ತಮ್ಮ, ಮುಂದಿನ ತುದಿಗೆ ಅವನ ಜೊತೆಗಾರ. ಎತ್ತಿದರು. ಕುದಿಯುವ ಗಂಜಿ ಅಂಚಿನವರೆಗೂ ತುಳುಕಿತು. ಎರಡು ಹೆಜ್ಜೆ ಬಂದು ಕಾಲುವೆಯ ಕಡೆ ತಿರುಗಿದ ತಮ್ಮ.

ಕಾಲುವೆಯ ಮೇಲೆ ಹಲಗೆ, ಹಲಗೆಯ ಮೇಲೆ ಚೀಲ.

ಆಗ ಉಗ್ರಾಣಿಗೆ ಜೀವ ಬಾಯಿಗೆ ಬಂತು. ಮಂಡಿಯೂರಿ ಚೀಲಗಳನ್ನು ಎಳೆಯತೊಡಗಿದ. ಒಂದು ಎಳೆದ. ಎಳೆದದ್ದನ್ನು ಎಲ್ಲಿಡಬೇಕು? ತನ್ನ ಬೆನ್ನ ಹಿಂದೆ ತಳ್ಳಿದ. ಇನ್ನೊಂದು ಎಳೆದ. ತಲೆಯ ಮೇಲೆ ಕೊಪ್ಪರಿಗೆ ಅಲ್ಲಾಡುತ್ತಿತ್ತು.  ತಮ್ಮನ ಕಾಲಿನ ನರ ಅದುರುತ್ತಿದ್ದುದು ಅಣ್ಣನ ಕಣ್ಣ ಮುಂದೆಯೇ ಕಾಣುತ್ತಿತ್ತು. ಗಳ ಬಿಟ್ಟು ಹಾರಿಕೊಂಡಿದ್ದರೆ ತಮ್ಮ ತಪ್ಪಿಸಿಕೊಳ್ಳುತ್ತಿದ್ದ. ಬಿಟ್ಟರೆ ಅದು ಬೀಳುವುದು ಮಂಡಿಯೂರಿದ ಅಣ್ಣನ ಮೇಲೆ. ಅವನು ಬಿಡಲಿಲ್ಲ. ಉಗ್ರಾಣಿ ಚೀಲವನ್ನೆಲ್ಲ ಎಳೆದು, ಹಲಗೆಗೆ ಉಗುರು ಹಾಕಿದ. ಹಲಗೆ ನೀರು ಕುಡಿದು ಕಲ್ಲಿಗೆ ಬಿಗಿದಿತ್ತು, ಬರಲಿಲ್ಲ.

ತಮ್ಮ ಒಂದು ಹೆಜ್ಜೆ ಹಿಂದೆ ಇಟ್ಟ, ಅಣ್ಣನಿಂದ ಕೊಪ್ಪರಿಗೆಯನ್ನು ಆಚೆ ಎಳೆಯಲೆಂದು. ಹಿಂಗಾಲಿಗೆ ನೆಲ ಸಿಗಲಿಲ್ಲ.

ಮೇಷ್ಟ್ರು ಅಲ್ಲಿಗೆ ನಿಲ್ಲಿಸಿದರು. ಸರ್ವರ್ ಕೋಣೆಯ ಗಾಜಿನಾಚೆ ಫ್ಯಾನುಗಳ ಸದ್ದು ಒಂದೇ ಸಮನೆ ಬರುತ್ತಿತ್ತು. 

“ತಮ್ಮ ಬದುಕಿದನೇ?” ಎಂದಳು ಸಿಂಚನಾ.

“ಬದುಕಿದ. ಮತ್ತೆ ನಡೆಯಲಿಲ್ಲ.”

ಉಳಿದದ್ದನ್ನು ಮೇಷ್ಟ್ರು ಚುಟುಕಾಗಿ ಹೇಳಿದರು. ದೊಡ್ಡ ಒಲೆ ಆರಿತು. ಜಾಗವಾಯಿತು, ಡಬ್ಬಗಳನ್ನು ದೂರ ತಳ್ಳಿದರು, ಬಾಗಿಲು ಬಿಟ್ಟಿತು. ಅಡುಗೆಮನೆ ಉಳಿಯಿತು. ಜಾಗಟೆ ತನ್ನ ಕೆಲಸ ಮಾಡಿತ್ತು, ಅದರ ಮೇಲೆ ತಪ್ಪು ಹೊರಿಸುವಂತಿಲ್ಲ. ಹೊರಗೆ ಎಲೆ ಹಾಕಿಕೊಂಡು ಕೂತಿದ್ದ ಮಕ್ಕಳಿಗೆ ಮಾತ್ರ ಏನಾಯಿತೆಂದು ಗೊತ್ತಿರಲಿಲ್ಲ. ಜಾಗಟೆಯ ಸದ್ದು ಕೇಳಿ, ಊಟಕ್ಕೆ ಕರೆಯುತ್ತಿದ್ದಾರೆಂದು ಕೆಲವು ಮಕ್ಕಳು ಎಲೆಗೆ ನೀರು ಚಿಮುಕಿಸಿಕೊಂಡವಂತೆ. ಅವಕ್ಕೆ ಅನ್ನ ಸಿಕ್ಕಿದ್ದು ಹೊತ್ತು ಇಳಿದ ಮೇಲೆ. ಉಗ್ರಾಣಿ ಮರುದಿನ ತನ್ನ ಕೈಯಿಂದಲೇ ಸುಣ್ಣದ ಗೆರೆ ಎಳೆದ. ಎಳೆಯುವ ಮುಂಚೆ, ಎಲ್ಲಿ ಎಳೆಯಲಿ ಎಂದು ಕೇಳಲು ಕೊಪ್ಪರಿಗೆ ಹೊತ್ತ ತಮ್ಮನ ಹಾಸಿಗೆಯ ಹತ್ತಿರ ಹೋಗಿದ್ದ. ಹೋಗಿ ಕೇಳಲಾರದೆ ಬಂದಿದ್ದ. ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು.

ಮೇಷ್ಟ್ರು ಕನ್ನಡಕ ಹಾಕಿಕೊಂಡರು. ದನಿಯಲ್ಲಿ ಈಗ ಸಿಟ್ಟು ಇರಲಿಲ್ಲ. ಸಿಟ್ಟಿಲ್ಲದ ಆ ದನಿಗೇ ಅವಳಿಗೆ ಹೆಚ್ಚು ಭಯವಾಯಿತು. ಸರ್ವರ್‌ನ ಒಳಗೂ ಒಂದು ಜಾಗಟೆ ಇದೆ ಎಂದರು. ಮೆಮೊರಿ ಮುಗಿಯಿತು, ಕ್ಯಾಶ್ ಬೇಕಾದಷ್ಟು ಬೇಗ ಬಿಡಲಿಲ್ಲ ಎಂದಾದರೆ ಅದು ಮೊಳಗುತ್ತದೆ. ಓಡುತ್ತಿರುವ ಪ್ರೋಗ್ರಾಮುಗಳಲ್ಲಿ ಎಲ್ಲಕ್ಕಿಂತ ದೊಡ್ಡದನ್ನು ಹುಡುಕಿ ಕೊಂದುಬಿಡುತ್ತದೆ. ಅದರೊಳಗೆ ಏನಿದೆ ಎಂದು ನೋಡುವುದಿಲ್ಲ. ನಮ್ಮ ಸರ್ವರ್‌ನಲ್ಲಿ ಎಲ್ಲಕ್ಕಿಂತ ದೊಡ್ಡದು ಯಾವುದು ಎಂದು ಕೇಳಿದರು.

ಅವಳಿಗೆ ಗೊತ್ತಿತ್ತು. ತೀವ್ರ ನಿಗಾ ಘಟಕದ ಪ್ರೋಗ್ರಾಂ. ಒಳಗೆ ಮಲಗಿದವರ ಉಸಿರು ತಪ್ಪಿದರೆ, ಎದೆಬಡಿತ ಇಳಿದರೆ, ನರ್ಸಿನ ಮೇಜಿಗೆ ಕರೆ ಕಳಿಸುವುದು ಅದೇ. ಹಾಗೆಂದು ಹೇಳಿದಳು. 

ಇವತ್ತು ಸೋಮವಾರ ಎಂದರು ಮೇಷ್ಟ್ರು. ಹೊರರೋಗಿಗಳ ಚೀಟಿ ಕೊಡುವ ಕಿಟಕಿ ಇನ್ನೇನು ತೆರೆಯುತ್ತದೆ. ಎರಡು ದಿನದ ಜನ ಒಂದೇ ದಿನ ಬರುತ್ತಾರೆ. ಕಿಟಕಿಯ ಮುಂದಿನ ಸಾಲು ಆಗಲೇ ಗೇಟಿನ ಹೊರಗೆ ಹೋಗಿತ್ತು. ಕೂತಲ್ಲಿಂದಲೇ ಇಬ್ಬರಿಗೂ ಅದು ಕಾಣುತ್ತಿತ್ತು.

ಸಿಂಚನಾಳ ಕೈ ಮೇಜಿನ ಅಂಚನ್ನು ಹಿಡಿದಿತ್ತು. ಬೆರಳುಗಳು ಬೆಳ್ಳಗಾಗಿದ್ದವು. ಮೇಷ್ಟ್ರು ಆ ಬೆರಳುಗಳನ್ನು ನೋಡಿದರು, ಆಮೇಲೆ ಅವಳ ಮುಖ ನೋಡಿದರು.

“ಮಿತಿ ತೆಗೆಯಲೇ ಎಂದು ಕೇಳಲು ಬಂದೆಯೋ ತಾಯಿ, ತೆಗೆದು ಬಂದೆಯೋ?”

ಸಿಂಚನಾ ಕೀಬೋರ್ಡನ್ನು ಹತ್ತಿರ ಎಳೆದುಕೊಂಡು, ಬೆಳಿಗ್ಗೆ ತಾನೇ ತೆಗೆದಿದ್ದ ಮಿತಿಯನ್ನು ಮತ್ತೆ ಹಾಕತೊಡಗಿದಳು.